ಹಳೇ ಕಾಲದ ಉಡುಪು ಹೊಲಿಯುವ ಮೊದಲು: ಪುಸ್ತಕವನ್ನು ಕೇಳುವುದು ಹೇಗೆ

ಶಿರಸಿಯಲ್ಲಿ ನಮ್ಮ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿದೆ. ಅದರೊಳಗೆ ಹನ್ನೊಂದು ಅಂಗಿಗಳಿವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನಾಟಕಕ್ಕೆ ನಾನು ಮೊದಲ ಸಲ ಹೊಲಿದವು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಛಾವಣಿ ಚಿತ್ರಗಳ ಒಂದು ದೊಡ್ಡ ಪುಸ್ತಕ ಸಿಕ್ಕಿತ್ತು. ಅದರಲ್ಲಿದ್ದ ಅಂಗಿ, ರುಮಾಲು, ನಡುಪಟ್ಟಿ ಎಲ್ಲ ನೋಡಿಕೊಂಡು ಹಾಗೇ ಹೊಲಿದೆ. ತಾಲೀಮು ನೋಡಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಅಂಗಿಯ ಅಂಚು ಹಿಡಿದು ನೋಡಿ, "ಹೊಲಿಗೆ ಚಂದ ಇದ್ದು ತಂಗಿ. ಚಿತ್ರ ಯಾವ ಕಾಲದ್ದು ಹೇಳಿ ನೋಡಿದ್ಯ?" ಅಂದರು. ನಾನು ನೋಡಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದರೆ ಅಲ್ಲೇ ಸಣ್ಣ ಅಕ್ಷರದಲ್ಲಿತ್ತು: ದೇವಸ್ಥಾನ ವಿಜಯನಗರದ್ದಾದರೂ ಈ ಚಿತ್ರಗಳು ಬಹಳ ನಂತರದವು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ನಮ್ಮ ರಾಣಿ ಇದ್ದದ್ದು 16ನೇ ಶತಮಾನದಲ್ಲಿ. ನಾನು ಹೊಲಿದದ್ದು ಅವಳ ಮೊಮ್ಮಕ್ಕಳ ಮೊಮ್ಮಕ್ಕಳು ತೊಡುವಂಥ ಬಟ್ಟೆ.

ಆವತ್ತಿನಿಂದ ನಾನು ಕತ್ತರಿಗಿಂತ ಮೊದಲು ಪುಸ್ತಕ ಹಿಡಿಯುತ್ತೇನೆ. ಸುಮ್ನೆ ಚಿತ್ರ ತಿರುವಿ ಹಾಕುವುದಲ್ಲ, ಒಂದು ಕ್ರಮದಲ್ಲಿ ಕೂತು ಓದುವುದು. ಆ ಕ್ರಮ ಹೀಗಿದೆ.

ಮೊದಲು ಒಂದು ಚೀಟಿ ಬರೆಯಿರಿ

ಯಾವ ವರ್ಷ, ಯಾವ ಊರು, ಯಾರು, ಏನು ಮಾಡುತ್ತಿದ್ದಾರೆ. ಈ ನಾಲ್ಕನ್ನು ಬರೆಯದೆ ಯಾವ ಪುಸ್ತಕವನ್ನೂ ತೆರೆಯಬೇಡಿ. "ಹಳೇ ಕಾಲದ ರಾಜನ ಡ್ರೆಸ್" ಅಂತ ಹುಡುಕಿದರೆ ಕ್ಯಾಲೆಂಡರ್ ಚಿತ್ರ ಸಿಗುತ್ತದೆ, ಅಷ್ಟೇ. ನನ್ನ ಎರಡನೇ ಪ್ರಯತ್ನದ ಚೀಟಿ ಹೀಗಿತ್ತು: "1570ರ ಸುಮಾರು, ಗೇರುಸೊಪ್ಪೆ, ರಾಣಿಯ ಮಂತ್ರಿ, ಆಸ್ಥಾನದಲ್ಲಿ ನಿಂತಿದ್ದಾನೆ." ಇನ್ನೊಂದು: "ಅದೇ ವರ್ಷ, ಹೊನ್ನಾವರ, ಪೋರ್ಚುಗೀಸ್ ಕಪ್ತಾನ, ಮೆಣಸಿನ ಲೆಕ್ಕ ಮಾಡುತ್ತಿದ್ದಾನೆ." ಚೀಟಿ ಬರೆದ ಕೂಡಲೇ ಎಷ್ಟೋ ಪುಸ್ತಕಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಯಕ್ಷಗಾನದ ವೇಷವನ್ನೂ ಇಲ್ಲೇ ಪಕ್ಕಕ್ಕೆ ಇಡಬೇಕು. ನಮ್ಮ ಕಡೆಯವರಿಗೆ ಇದು ಕಷ್ಟ, ನನಗೂ ಕಷ್ಟವಾಯಿತು, ಯಾಕೆಂದರೆ ಚಿಕ್ಕಂದಿನಿಂದ ರಾಜ ಅಂದರೆ ಕಣ್ಣಿಗೆ ಬರುವುದೇ ಬಡಗುತಿಟ್ಟಿನ ಕಿರೀಟ ಮತ್ತು ಭುಜಕೀರ್ತಿ. ಆದರೆ ಅದು ರಂಗದ ಮೇಲೆ ದೇವತೆಯನ್ನು, ರಾಕ್ಷಸನನ್ನು ತೋರಿಸಲು ಕಲಾವಿದರು ತಲೆಮಾರುಗಳಿಂದ ಕಟ್ಟಿ ಬೆಳೆಸಿದ ಉಡುಪು. ಯಾವ ರಾಜನೂ ಬೆಳಿಗ್ಗೆ ಎದ್ದು ಅದನ್ನು ತೊಟ್ಟವನಲ್ಲ.

ಯಾವ ಪುಸ್ತಕಕ್ಕೆ ಯಾವ ಪ್ರಶ್ನೆ

ಎಲ್ಲ ಪುಸ್ತಕವೂ ಎಲ್ಲ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಚಿತ್ರದ ಪುಸ್ತಕ ಉಡುಪಿನ ಆಕಾರ ಹೇಳುತ್ತದೆ, ಒಳಗಿನ ಹೊಲಿಗೆ ಹೇಳುವುದಿಲ್ಲ. ಪ್ರವಾಸಿಗರ ಬರಹ ಬಟ್ಟೆ, ಬಣ್ಣ, ಯಾರು ತೊಡುತ್ತಿದ್ದರು ಎಂಬುದನ್ನು ಹೇಳುತ್ತದೆ, ಆಕಾರ ಹೇಳುವಾಗ ತಡವರಿಸುತ್ತದೆ. ನಿಘಂಟು ಹೆಸರು ಹೇಳುತ್ತದೆ. ಕಟಿಂಗ್ ಪುಸ್ತಕ ತುಂಡುಗಳನ್ನು ಹೇಳುತ್ತದೆ. ನಾನು ಮೊದಲು ಮಾಡಿದ ತಪ್ಪು ಅಂದರೆ ಒಂದೇ ಪುಸ್ತಕವನ್ನು ಹಿಡಿದು ನಾಲ್ಕೂ ಪ್ರಶ್ನೆ ಕೇಳಿದ್ದು.

ಒಂದು ಉದಾಹರಣೆ ತೆಗೆದುಕೊಂಡು ಹತ್ತಿರದಿಂದ ನೋಡೋಣ. ಮಂತ್ರಿಯ ತಲೆಗೆ ಏನು?

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು. ಅವನ ಬರಹದ ಇಂಗ್ಲಿಷ್ ಅನುವಾದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿದೆ. ರಾಜ ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ ತೊಟ್ಟಿದ್ದ, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಸ್ಪೇನಿನ ಗಲೀಷಿಯಾದ ಶಿರಸ್ತ್ರಾಣದಂಥ ಜರಿ ಟೊಪ್ಪಿ, ಅದರ ಮೇಲೊಂದು ತೆಳು ರೇಷ್ಮೆ ಬಟ್ಟೆ, ಕಾಲಿಗೆ ಏನೂ ಇಲ್ಲ ಅಂತ ಬರೆಯುತ್ತಾನೆ. ರಾಜನಿದ್ದ ಕಡೆ ಯಾರೂ ಚಪ್ಪಲಿ ಹಾಕಿ ಹೋಗುವಂತಿರಲಿಲ್ಲ ಅಂತಲೂ ಹೇಳುತ್ತಾನೆ. ಈ ಒಂದು ಮಾತಿನಿಂದ ನಮ್ಮ ಆಸ್ಥಾನದ ದೃಶ್ಯದಲ್ಲಿದ್ದ ಅಷ್ಟೂ ಜರಿ ಜೋಡುಗಳನ್ನು ತೆಗೆದಿಟ್ಟೆವು.

ಆದರೆ ಗಲೀಷಿಯಾದ ಶಿರಸ್ತ್ರಾಣ ಅಂದರೆ ಹೇಗಿರುತ್ತದೆ? ಪಾಯಸ್ ಬರೆದದ್ದು ತನ್ನ ಊರಿನವರಿಗೆ, ಅವರಿಗೆ ಗೊತ್ತಿದ್ದ ವಸ್ತುವಿನ ಹೋಲಿಕೆ ಕೊಟ್ಟ. ಶಿರಸಿಯಲ್ಲಿ ಕೂತ ನನಗೆ ಅದರಿಂದ ಏನೂ ಕಾಣುವುದಿಲ್ಲ. ಇಲ್ಲಿ ಚಿತ್ರದ ಪುಸ್ತಕ ಬೇಕು. ಹಿಂದೂಪುರದ ಹತ್ತಿರ ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಛಾವಣಿ ಚಿತ್ರಗಳು ಅಚ್ಯುತರಾಯನ ಕಾಲದವು, ಅಂದರೆ 1530ರ ದಶಕದ ಆಸುಪಾಸು. ಅಲ್ಲಿ ಶ್ರೀಮಂತರು ಉದ್ದ ತೋಳಿನ ಬಿಳಿ ನಿಲುವಂಗಿ ತೊಟ್ಟು, ತಲೆಗೆ ಎತ್ತರದ ಶಂಕುವಿನಾಕಾರದ ಟೊಪ್ಪಿ ಇಟ್ಟು ನಿಂತಿದ್ದಾರೆ. ಪಾಯಸ್‌ನ ಮಾತು, ಲೇಪಾಕ್ಷಿಯ ಚಿತ್ರ ಎರಡೂ ಒಂದರ ಮೇಲೊಂದು ಕೂತವು.

ಈಗ ಹೆಸರು. ಆ ಟೊಪ್ಪಿಗೆ ಕುಲ್ಲಾಯಿ ಅಂತಲೂ ಅಂಗಿಗೆ ಕಬಾಯಿ ಅಂತಲೂ ಹೇಳುತ್ತಿದ್ದರು. ಮೊದಲನೆಯದು ಪಾರಸಿಯ ಕುಲಾಹ್‌ನಿಂದ, ಎರಡನೆಯದು ಅರಬ್ಬಿಯ ಕಬಾದಿಂದ ಬಂದದ್ದು. ಮಗುವಿನ ತಲೆಗೆ ಕಟ್ಟುವ ಟೊಪ್ಪಿಗೆ ನಾವು ಇವತ್ತಿಗೂ ಕುಲಾವಿ ಅನ್ನುತ್ತೇವೆ ಅಲ್ವಾ? ಅದೇ ಶಬ್ದದ ಕುಟುಂಬ. ನಮ್ಮ ಅಜ್ಜಿಯ ಬಾಯಲ್ಲಿ ದಿನಾ ಇದ್ದ ಶಬ್ದ ವಿಜಯನಗರದ ಆಸ್ಥಾನದ ಟೊಪ್ಪಿಯ ನೆಂಟ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಹೆಸರು ಗೊತ್ತಾದರೆ ಇನ್ನೊಂದು ಲಾಭವಿದೆ. ಹಳೇ ಕಾವ್ಯದಲ್ಲಿ, ಶಾಸನದಲ್ಲಿ ಆ ಹೆಸರನ್ನು ಹುಡುಕಬಹುದು. ಅದಕ್ಕೆ ಕಿಟೆಲ್‌ರ 1894ರ ನಿಘಂಟು ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಬೇಕು, ಯಾಕೆಂದರೆ ಅದರಲ್ಲಿ ಶಬ್ದ ಯಾವ ಕೃತಿಯಲ್ಲಿ ಬಂದಿದೆ ಅಂತ ಪ್ರಯೋಗವನ್ನೂ ಕೊಡುತ್ತಾರೆ. ಕುಪ್ಪಸ, ದಟ್ಟಿ, ಕಾಸೆ, ಮುಂಡಾಸು ಇಂಥ ಶಬ್ದಗಳನ್ನು ಅಲ್ಲಿ ನೋಡದೆ ಬಳಸಬೇಡಿ.

ಗೇರುಸೊಪ್ಪೆ ವಿಜಯನಗರಕ್ಕೆ ಸಾಮಂತ ರಾಜ್ಯವಾಗಿತ್ತು. ಹಾಗಾಗಿ ಅಲ್ಲಿಯ ಮಂತ್ರಿಗೂ ಕುಲ್ಲಾಯಿ ಇಟ್ಟೆ. ಇದು ನನ್ನ ಊಹೆ. ಊಹೆ ಅಂತಲೇ ಬರೆದಿಟ್ಟೆ. ಎಲ್ಲಿ ಬರೆದಿಟ್ಟೆ ಅನ್ನುವುದು ಮುಂದಿನ ಮಾತು.

ಮೂರು ಬಣ್ಣದ ವಹಿ

ನೂರು ಪುಟದ ಒಂದು ಉದ್ದ ವಹಿ ತೆಗೆದುಕೊಳ್ಳಿ. ಒಂದೊಂದು ಉಡುಪಿಗೆ ಎರಡು ಪುಟ. ಚಿತ್ರದಲ್ಲಿ ಕಂಡದ್ದನ್ನು ನೀಲಿಯಲ್ಲಿ, ಬರಹದಲ್ಲಿ ಓದಿದ್ದನ್ನು ಕೆಂಪಿನಲ್ಲಿ, ನೀವೇ ಊಹಿಸಿದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಪುಸ್ತಕದ ಹೆಸರು, ಪುಟ, ಯಾವ ವರ್ಷದ ಮುದ್ರಣ ಅಂತ ಇರಲಿ. ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ, ಈ ತೊಂದರೆ ನಾನು ಅನುಭವಿಸಿದ್ದೇನೆ.

ಬರೆದು ಮುಗಿದ ಮೇಲೆ ವಹಿಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಪುಟದ ತುಂಬ ಪೆನ್ಸಿಲೇ ಇದ್ದರೆ ಬಟ್ಟೆ ತರಲು ಇನ್ನೂ ಹೋಗಬೇಡಿ. ನೀಲಿ, ಕೆಂಪು ಎರಡೂ ಒಂದೇ ಮಾತು ಹೇಳುವ ಜಾಗಗಳು ನಿಮ್ಮ ಉಡುಪಿನ ಗಟ್ಟಿ ಜಾಗಗಳು. ಅಲ್ಲಿ ದುಡ್ಡು ಖರ್ಚು ಮಾಡಿ.

ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆಗಳು

ಯಾರು ಬರೆದರು, ಕಣ್ಣಾರೆ ಕಂಡು ಬರೆದರೋ ಕೇಳಿ ಬರೆದರೋ, ಇದು ಮೂಲವೋ ನಕಲೋ. ಕರಾವಳಿಯ 16ನೇ ಶತಮಾನಕ್ಕೆ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಎರಡು. ಒಂದು, ರೋಮಿನ ಕಾಸನಾತೆನ್ಸೆ ಗ್ರಂಥಾಲಯದಲ್ಲಿರುವ ಚಿತ್ರಸಂಪುಟ. ಆ ಶತಮಾನದ ನಡುಭಾಗದ್ದು, 76 ಬಣ್ಣದ ಚಿತ್ರಗಳಿವೆ, ಭಾರತದ ಕಲಾವಿದ ಬರೆದದ್ದು ಅಂತ ನಂಬಲಾಗಿದೆ, ಅಡಿಬರಹ ಪೋರ್ಚುಗೀಸಿನಲ್ಲಿದೆ. ಎರಡು, ಡಚ್ಚಿನ ಲಿನ್ಸ್‌ಖೋಟನ್ 1596ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥ. ಅವನು ಗೋವಾದ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದವನು, 1583ರಿಂದ ಕೆಲವು ವರ್ಷ ಅಲ್ಲೇ ಇದ್ದ.

ಕಾಸನಾತೆನ್ಸೆ ಸಂಪುಟದಲ್ಲಿ "ಕನಾರಿನ್" ಅಂತ ಬರೆದ ಚಿತ್ರ ಕಂಡು ನಾನು ಕುಣಿದಾಡಿದ್ದೆ. ನಮ್ಮ ಕೆನರಾದವರೇ ಅಂದುಕೊಂಡೆ. ಆಮೇಲೆ ಟಿಪ್ಪಣಿ ಓದಿದರೆ, ಪೋರ್ಚುಗೀಸರು ಗೋವಾದ ಸ್ಥಳೀಯ ಜನರನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಕಾಳಿ ನದಿ ದಾಟಿದರೆ ಗೋವಾ ಎಷ್ಟು ದೂರ ಅಂತ ಕಾರವಾರದವರಿಗೆ ಗೊತ್ತು, ಆದ್ದರಿಂದ ಆ ಚಿತ್ರ ನಮಗೆ ಉಪಯೋಗಕ್ಕೆ ಬರುವುದಿಲ್ಲ ಅಂತಲ್ಲ. ಆದರೆ ವಹಿಯಲ್ಲಿ "ಗೋವಾ" ಅಂತ ನೀಲಿಯಲ್ಲಿ, "ಕಾರವಾರಕ್ಕೂ ಸರಿ ಇರಬಹುದು" ಅಂತ ಪೆನ್ಸಿಲಿನಲ್ಲಿ ಬರೆಯಬೇಕು.

ಲಿನ್ಸ್‌ಖೋಟನ್‌ನ ಚಿತ್ರಗಳು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದವು. ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಬೀಳುತ್ತದೆ. ಕೊರೆಯುವವನು ಮೂಲ ಚಿತ್ರವನ್ನು ಹಾಗೇ ಕೊರೆದಿದ್ದರೆ ಅಂಗಿ ಬಲಕ್ಕೆ ಕಟ್ಟಿದ್ದವನು ಎಡಕ್ಕೆ ಕಟ್ಟಿದವನಾಗಿ ಕಾಣುತ್ತಾನೆ, ಮುಂದೆ ಅಚ್ಚನ್ನು ನೋಡಿ ನಕಲು ಕೊರೆದರೆ ಮತ್ತೆ ತಿರುಗುತ್ತದೆ. ಹೇಗೆ ಹಿಡಿಯುವುದು? ಕೈ ನೋಡಿ. ಕತ್ತಿ ಹಿಡಿದ ಕೈ ಯಾವುದು, ಬರೆಯುವ ಕೈ ಯಾವುದು. ಚಿತ್ರದಲ್ಲಿರುವ ಎಲ್ಲರೂ ಎಡಗೈಯವರಾಗಿ ಕಂಡರೆ ಚಿತ್ರ ತಿರುಗಿದೆ. ಕನ್ನಡಿಯ ಮುಂದೆ ಹಿಡಿದು ನೋಡಿ, ಆಮೇಲೆ ಕಟ್ಟು ಯಾವ ಕಡೆ ಅಂತ ತೀರ್ಮಾನಿಸಿ. ಹೊಸ ಪುಸ್ತಕಗಳಲ್ಲಿ ಫೋಟೋವನ್ನೇ ತಿರುಗಿಸಿ ಅಚ್ಚು ಹಾಕಿರುವುದೂ ಉಂಟು.

ಕಲ್ಲೂ ಒಂದು ಪುಟವೇ

ಪುಸ್ತಕ ಓದಿ ಊರಿನ ಕಲ್ಲಿನ ಹತ್ತಿರ ಹೋಗಿ. ಭಟ್ಕಳದ ಖೇತಪಯ್ಯ ನಾರಾಯಣ ದೇವಸ್ಥಾನ 16ನೇ ಶತಮಾನದ್ದು, ಹೊರಗೋಡೆಯ ತುಂಬ ಶಿಲ್ಪ ಇದೆ. ಬನವಾಸಿಯಲ್ಲಿ, ಹಳ್ಳಿ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು ಇವೆ. ಶಿಲ್ಪದಲ್ಲಿ ಮೈ ಬರಿದಾಗಿದೆ ಅಂತ ಮೇಲ್ನೋಟಕ್ಕೆ ಅನಿಸಿದರೂ ಅವಸರ ಮಾಡಬೇಡಿ. ತೆಳು ಬಟ್ಟೆಯನ್ನು ಶಿಲ್ಪಿ ಕೆಲವೊಮ್ಮೆ ಒಂದೇ ಗೆರೆಯಲ್ಲಿ ತೋರಿಸುತ್ತಾನೆ: ತೋಳಿನ ಮೇಲೊಂದು ಗೆರೆ, ತೊಡೆಯ ಮೇಲೊಂದು ಗೆರೆ, ಅದೇ ಬಟ್ಟೆಯ ಅಂಚು. ಬೆಳಿಗ್ಗೆ ಏಳು ಗಂಟೆಗೆ ಹೋಗಿ. ಓರೆ ಬಿಸಿಲಿನಲ್ಲಿ ಆ ಗೆರೆ ಎದ್ದು ಕಾಣುತ್ತದೆ, ಮಧ್ಯಾಹ್ನ ಕಾಣುವುದೇ ಇಲ್ಲ. ಮೋಡ ಇದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕಲ್ಲಿನ ಮೇಲೆ ಸೀಮೆಸುಣ್ಣ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಫೋಟೋ ಚೆನ್ನಾಗಿ ಬರಲಿ ಅಂತ ಹಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

17ನೇ ಶತಮಾನದ ಕೊನೆಯ ನಂತರದ ಕಥೆಗಳಿಗೆ ನಮ್ಮ ಕಡೆಯ ಕಾವಿ ಕಲೆಯನ್ನೂ ನೋಡಬೇಕು. ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲೂ ಅದಿದೆ. ಸುಣ್ಣದ ಗೋಡೆಗೆ ಕೆಮ್ಮಣ್ಣು ಹಚ್ಚಿ ಕೆರೆದು ಮಾಡಿದ ಚಿತ್ರ ಆದ್ದರಿಂದ ಬಟ್ಟೆಯ ಬಣ್ಣ ಅಲ್ಲಿ ಕೇಳಬೇಡಿ, ಆಕಾರ ಮಾತ್ರ.

ಪ್ರವಾಸಿಯ ಬರಹ, ಸರ್ಕಾರದ ಬರಹ

ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆ 1623ರಲ್ಲಿ ಗೋವಾದಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆ ಮೇಲಿನಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದವನು. ಇಕ್ಕೇರಿಯಲ್ಲಿ ಕಂಡ ಹುಡುಗಿಯರ ಕೋಲಾಟವನ್ನು ಬರೆದಿದ್ದಾನೆ: ಸೊಂಟದಿಂದ ಕೆಳಗೆ ರೇಷ್ಮೆ, ತಲೆಯಲ್ಲಿ ಹಳದಿ ಮತ್ತು ಬಿಳಿ ಹೂಗಳು. ಇಂಥ ಸಾಲು ಸಿಕ್ಕಿದರೆ ಇಡೀ ದೃಶ್ಯದ ಬಣ್ಣ ಸಿಕ್ಕಂತೆ.

ಪ್ರವಾಸಿಯ ಅಳತೆ ಬಗ್ಗೆ ಮಾತ್ರ ಎಚ್ಚರ ಬೇಕು. ಬಾರ್ಬೋಸಾ ಎಂಬ ಪೋರ್ಚುಗೀಸ್ ಅಧಿಕಾರಿ 16ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರದ ಹೆಂಗಸರ ಸೀರೆಯನ್ನು ಬಣ್ಣಿಸುತ್ತಾನೆ. ಒಂದು ಭಾಗ ಕೆಳಗೆ ಸುತ್ತಿ, ಇನ್ನೊಂದು ತುದಿ ಎದೆಯ ಮೇಲಿಂದ ಒಂದು ಹೆಗಲಿಗೆ, ಇನ್ನೊಂದು ತೋಳು ಮತ್ತು ಹೆಗಲು ಬರಿದು. ಉದ್ದ ಐದು ಗಜ ಅಂತ ಇಂಗ್ಲಿಷ್ ಅನುವಾದದಲ್ಲಿದೆ. ಅದು ಇಂಗ್ಲಿಷರ ಗಜವೋ, ಪೋರ್ಚುಗಲ್ಲಿನ ವಾರಾ ಎಂಬ ಅಳತೆಯೋ? ಗಜ 91.44 ಸೆಂ.ಮೀ., ವಾರಾ 110 ಸೆಂ.ಮೀ. ಐದಕ್ಕೆ ಹಾಕಿ ನೋಡಿ, ಸುಮಾರು 93 ಸೆಂ.ಮೀ. ಹೆಚ್ಚು ಕಡಿಮೆ. ಸೆರಗು ಇದೆಯೋ ಇಲ್ಲವೋ ಅನ್ನುವಷ್ಟು ವ್ಯತ್ಯಾಸ ಅದು! ನಾನು ಎರಡೂ ಉದ್ದದ ಹಳೇ ಬಟ್ಟೆ ತೆಗೆದುಕೊಂಡು ನಟಿಗೆ ಉಡಿಸಿ, ಕುಳ್ಳಿರಿಸಿ, ನಡೆಸಿ ನೋಡಿ ತೀರ್ಮಾನಿಸಿದೆ. ಈಗಿನ ಹಾಗೆ ಮುಂದೆ ನೆರಿಗೆ ಹಿಡಿದು, ಒಳಗೆ ಲಂಗ, ಮೇಲೆ ಅಳತೆಯ ರವಿಕೆ ತೊಡಿಸಿದರೆ ರಾಣಿ 20ನೇ ಶತಮಾನದವಳಾಗುತ್ತಾಳೆ.

19ನೇ ಶತಮಾನದ ಕಥೆ ಮಾಡುವವರಿಗೆ ಕೆಲಸ ಹಗುರ. ಉತ್ತರ ಕನ್ನಡ ಆಗ ಮುಂಬೈ ಪ್ರಾಂತದಲ್ಲಿತ್ತು, 1883ರಲ್ಲಿ ಮುಂಬೈ ಗೆಜೆಟಿಯರಿನ 15ನೇ ಸಂಪುಟವಾಗಿ ಕೆನರಾ ಜಿಲ್ಲೆಯ ವಿವರ ಎರಡು ಭಾಗದಲ್ಲಿ ಬಂತು. ಒಂದೊಂದು ಸಮುದಾಯದ ಗಂಡಸರು, ಹೆಂಗಸರು ಏನು ಉಡುತ್ತಾರೆ, ಯಾವ ಆಭರಣ ಹಾಕುತ್ತಾರೆ ಅಂತ ಅದರಲ್ಲಿದೆ. ಯುವಕ ರವೀಂದ್ರನಾಥ ಟಾಗೋರರು ಅಣ್ಣನ ಮನೆಯಲ್ಲಿದ್ದ ಕಾಲದ ಕಾರವಾರದ ಬಗ್ಗೆ ನಾಟಕ ಮಾಡುವವರಿಗೆ ಇದಕ್ಕಿಂತ ಹತ್ತಿರದ ಪುಸ್ತಕ ಇಲ್ಲ. ಆದರೆ ಬರೆದವರು ಆಳುವವರು. ಇವರು ಕೊಳಕು, ಅವರು ಮಿತವ್ಯಯಿಗಳು ಅಂತ ಇಡೀ ಸಮುದಾಯಕ್ಕೆ ಒಂದೊಂದು ಗುಣ ಅಂಟಿಸುತ್ತಾರೆ. ಆ ಮಾತುಗಳನ್ನು ಬಿಡಿ, ವಸ್ತುಗಳ ಹೆಸರು ಮಾತ್ರ ತೆಗೆದುಕೊಳ್ಳಿ. ಮತ್ತೆ ಹಾಲಕ್ಕಿ ಒಕ್ಕಲಿಗರ ಉಡುಪು ಮಾಡುವುದಿದ್ದರೆ ಪುಸ್ತಕದ ಜೊತೆ ಆ ಕೇರಿಗೂ ಹೋಗಿ, ಹಿರಿಯ ಹೆಂಗಸರನ್ನು ಕೇಳಿ. ಅಷ್ಟೊಂದು ಮಣಿಸರದ ಭಾರ ಕೊರಳ ಮೇಲೆ ಹೇಗೆ ಕೂರುತ್ತದೆ, ಯಾವ ಸರ ಮೊದಲು ಅನ್ನುವುದನ್ನು ಅವರೇ ಹೇಳಬೇಕು. ಒಪ್ಪಿಗೆ ಕೇಳದೆ ಫೋಟೋ ತೆಗೆಯಬೇಡಿ.

ಕಟಿಂಗ್ ಪುಸ್ತಕ

ಪೋರ್ಚುಗೀಸ್ ಕಪ್ತಾನನಿಗೆ ಯುರೋಪಿನ ಕಟಿಂಗ್ ಬೇಕು. ಸ್ಪೇನಿನ ದರ್ಜಿ ಹುವಾನ್ ದೆ ಅಲ್ಸೆಗಾ 1580ರಲ್ಲೇ ಕಟಿಂಗ್ ಪುಸ್ತಕ ಅಚ್ಚು ಹಾಕಿಸಿದ್ದ. ಬಟ್ಟೆಯ ಮೇಲೆ ತುಂಡುಗಳನ್ನು ಹೇಗೆ ಜೋಡಿಸಿದರೆ ಕಡಿಮೆ ಬಟ್ಟೆ ಸಾಕು ಅನ್ನುವುದೇ ಅವನ ಮುಖ್ಯ ಚಿಂತೆ, ಅದನ್ನು ನೋಡುವಾಗ ನಮ್ಮ ಪೇಟೆಯ ಟೇಲರೇ ನೆನಪಾಗುತ್ತಾರೆ. ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ ಉಳಿದುಬಂದ ನಿಜವಾದ ಉಡುಪುಗಳನ್ನು ಮ್ಯೂಸಿಯಮ್ಮುಗಳಲ್ಲಿ ಅಳೆದು ಬರೆದ ಮಾಲಿಕೆ ಇನ್ನೂ ಹೆಚ್ಚಿನದು. ಅದರಲ್ಲಿ 1560ರಿಂದ 1620ರವರೆಗಿನ ಉಡುಪಿನ ಭಾಗ 1985ರಲ್ಲಿ ಬಂತು. ಚಿತ್ರದಲ್ಲಿ ಎಂಟನೇ ಒಂದು ಇಂಚು ನಿಜದ ಒಂದು ಇಂಚಿಗೆ ಸಮ. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸುವಾಗ ಶೇಕಡಾ 800 ಬೇಕು, ಒಂದೇ ಸಲಕ್ಕೆ ಬರುವುದಿಲ್ಲ. ಹಿಗ್ಗಿಸಿದ ಮೇಲೆ ಚಿತ್ರದಲ್ಲಿರುವ ಅಳತೆಯ ಚೌಕವನ್ನು ಟೇಪಿನಿಂದ ಅಳೆದೇ ಮುಂದೆ ಹೋಗಿ. ನಾನು ಚೌಕದ ಹಾಳೆಯ ಮೇಲೆ ಕೈಯಿಂದಲೇ ಬಿಡಿಸುತ್ತೇನೆ, ಅದೇ ನಂಬಿಕೆಗೆ ಅರ್ಹ. ಬಿಡಿಸುವಾಗ ಪ್ರತಿ ತಿರುವು ಕೈಗೆ ಬರುತ್ತದೆ.

ಆದರೆ ಈ ಪುಸ್ತಕ ಒಂದನ್ನೇ ನಂಬಿದ್ದರೆ ನಮ್ಮ ಕಪ್ತಾನನಿಗೆ ತೊಡೆಯವರೆಗಿನ ಉಬ್ಬಿದ ಚಡ್ಡಿ ತೊಡಿಸುತ್ತಿದ್ದೆ. ಲಿನ್ಸ್‌ಖೋಟನ್‌ನ ಗೋವಾ ಚಿತ್ರಗಳಲ್ಲಿ ಪೋರ್ಚುಗೀಸರು ಕಾಲಿನ ಗಂಟಿನವರೆಗೆ ಇಳಿಯುವ ಸಡಿಲ ಇಜಾರ ತೊಟ್ಟಿದ್ದಾರೆ. ಚೀಟಿಯಲ್ಲಿ "ಹೊನ್ನಾವರ" ಅಂತ ಬರೆದಿದ್ದರಿಂದ ಬಚಾವಾದೆ.

ಬಟ್ಟೆ, ಬಣ್ಣ, ಕಚ್ಚಾ ಅಂಗಿ

ಬಣ್ಣಕ್ಕೆ ಒಂದು ವರ್ಷ ನೆನಪಿಡಿ: 1856. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಮೊದಲ ರಾಸಾಯನಿಕ ನೇರಳೆ ಬಣ್ಣ ಮಾಡಿದ್ದು ಆಗ. ಅದಕ್ಕೂ ಹಿಂದಿನ ಕಥೆಯಲ್ಲಿ ಇವತ್ತಿನ ಕಣ್ಣು ಕುಕ್ಕುವ ಗುಲಾಬಿ, ಗಿಳಿಹಸಿರು ಬೇಡ. ನೀಲಿ, ಮಂಜಿಷ್ಠ, ಅರಗು, ಅರಿಶಿನ, ದಾಳಿಂಬೆ ಸಿಪ್ಪೆ, ಅಳಲೆಕಾಯಿ ಇವು ಕೊಡುವ ಬಣ್ಣಗಳ ಒಳಗೇ ಆರಿಸಿ. ಹೊಲಿಗೆ ಮಿಷನ್ನು ಮನೆ ಮನೆಗೆ ಬಂದದ್ದೂ 19ನೇ ಶತಮಾನದ ನಂತರವೇ. ಒಳ ಹೊಲಿಗೆ ಮಿಷನ್ನಿನಲ್ಲಿ ಹಾಕಿ, ಹೊರಗೆ ಕಾಣುವ ಅಂಚನ್ನಾದರೂ ಕೈಯಲ್ಲಿ ಹೊಲಿಯಿರಿ.

ಒಳ್ಳೆ ಬಟ್ಟೆ ಕತ್ತರಿಸುವ ಮೊದಲು ಹಳೇ ಪಂಚೆಯಲ್ಲಿ ಕಚ್ಚಾ ಅಂಗಿ ಹೊಲಿಯಿರಿ. ಮಂತ್ರಿಯ ಕಬಾಯಿಯನ್ನು ನಾನು ಹೀಗೆ ಹೊಲಿದು ನಟನಿಗೆ ತೊಡಿಸಿ, ಕೈ ಎತ್ತಿ ಮುಗಿಯಲು ಹೇಳಿದೆ. ಇಡೀ ಅಂಗಿ ಕೈಯ ಜೊತೆ ಮೇಲೆ ಬಂತು. ಪುಸ್ತಕದ ಚಿತ್ರದಲ್ಲಿ ಕಂಕುಳು ಕಾಣುವುದಿಲ್ಲ. ಆದರೆ ನೇರ ತುಂಡುಗಳಿಂದ ಹೊಲಿದ ಹಳೇ ಅಂಗಿಗಳಲ್ಲಿ, ಕಟಿಂಗ್ ಪುಸ್ತಕ ನೋಡಿದರೆ, ಕಂಕುಳಲ್ಲಿ ಒಂದು ಸಣ್ಣ ಚೌಕ ತುಂಡನ್ನು ಓರೆಯಾಗಿ ಕೂರಿಸಿರುತ್ತಾರೆ. ನಾಲ್ಕು ಇಂಚಿನ ಚೌಕ ಕೂರಿಸಿದೆ. ಕೈ ಎತ್ತಿದರೂ ಅಂಗಿ ಅಲ್ಲಾಡಲಿಲ್ಲ.

ಕುಲ್ಲಾಯಿ ನೆಟ್ಟಗೆ ನಿಲ್ಲಲು ಒಳಗೆ ಏನಾದರೂ ಬೇಕಿತ್ತು. ರಟ್ಟು ಹಾಕಿದರೆ ಬೆವರಿಗೆ ಮೆತ್ತಗಾಯಿತು. ಕೊನೆಗೆ ತೋಟದಿಂದ ಅಡಿಕೆ ಹಾಳೆ ತಂದು, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಶಂಕುವಿನಂತೆ ಸುತ್ತಿ ದಾರ ಕಟ್ಟಿ ನೆರಳಲ್ಲಿ ಒಣಗಿಸಿದೆ. ನಮ್ಮಲ್ಲಿ ಹಾಳೆಟೊಪ್ಪಿ ಮಾಡುವ ಕೈಗಳಿಗೆ ಇದು ಗೊತ್ತಿರುವ ಕೆಲಸವೇ. ಮೇಲೆ ಜರಿ ಬಟ್ಟೆ ಹೊದಿಸಿದರೆ ಹಗುರ, ಗಟ್ಟಿ, ತಲೆ ಬಿಸಿಯಾಗುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಕಂಡದ್ದಲ್ಲ. ವಹಿಯಲ್ಲಿ ಪೆನ್ಸಿಲಿನಲ್ಲಿದೆ.

ಪುಸ್ತಕ ಎಲ್ಲಿ, ಹೇಗೆ ಕಾಪಾಡುವುದು

ಗೆಜೆಟಿಯರ್, ಸೀವೆಲ್, ಕಿಟೆಲ್ ಇಂಥ ಹಳೇ ಪುಸ್ತಕಗಳು ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತವೆ. ದುಬಾರಿ ಕಟಿಂಗ್ ಪುಸ್ತಕವನ್ನು ಮೂರ್ನಾಲ್ಕು ಜನ ಸೇರಿ ಕೊಳ್ಳಿ. ಧಾರವಾಡಕ್ಕೆ ಹೋದಾಗ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ಮ್ಯೂಸಿಯಂ ನೋಡದೆ ಬರಬೇಡಿ. ನಮ್ಮ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಲೂ ಬೇಡ, ಬಿಸಿಲು ಬಿದ್ದ ದಿನ ತೆಗೆದು ನೆರಳಲ್ಲಿ ಗಾಳಿಗೆ ಬಿಡಿಸಿಡಿ. ಹೊಲಿಯುವ ಮೇಜಿನ ಮೇಲೆ ಮೂಲ ಪುಸ್ತಕ ಬೇಡವೇ ಬೇಡ. ಚಾಕಿನ ಪುಡಿ, ಎಣ್ಣೆ, ಚಹಾ ಎಲ್ಲ ಅಲ್ಲೇ ಇರುತ್ತವೆ. ಬೇಕಾದ ಪುಟದ ಝೆರಾಕ್ಸ್ ಮಾತ್ರ ಇರಲಿ.

ಉಡುಪು ಮುಗಿದ ಮೇಲೆ ನಾನು ಕೊರಳ ಒಳಗೆ ಒಂದು ಬಿಳಿ ಪಟ್ಟಿ ಹೊಲಿಯುತ್ತೇನೆ. ಅದರ ಮೇಲೆ ಅಳಿಸದ ಶಾಯಿಯಲ್ಲಿ ಚೀಟಿಯ ನಾಲ್ಕು ಮಾತು, ವಹಿಯ ಪುಟ, ಹೊಲಿದ ವರ್ಷ. ಮಂತ್ರಿಯ ಕಬಾಯಿಯ ಪಟ್ಟಿಯಲ್ಲಿ "1570, ಗೇರುಸೊಪ್ಪೆ, ಆಸ್ಥಾನ, ವಹಿ ಪುಟ 14, ಕುಲ್ಲಾಯಿ ಊಹೆ" ಅಂತಿದೆ. ಅಟ್ಟದ ಟ್ರಂಕಿನ ಹನ್ನೊಂದು ಅಂಗಿಗಳಿಗೂ ಈ ಬೇಸಿಗೆಯಲ್ಲಿ ಪಟ್ಟಿ ಹೊಲಿಯುತ್ತಿದ್ದೇನೆ. ಅವುಗಳ ಕಾಲದ ನಾಟಕ ಯಾರಾದರೂ ಮಾಡಿದರೆ ತೆಗೆದುಕೊಂಡು ಹೋಗಬಹುದು.